ತೀವ್ರ ಫ್ಲೂ ಇರುವ ಮಗುವಿನ ಎದೆಯ ಎಕ್ಸ್‌ರೇ: ಯಾವಾಗ ತೆಗೆಸಬೇಕು, ಹೇಗೆ ಓದಬೇಕು

ಜ್ವರ, ಕೆಮ್ಮು, ನೆಗಡಿಯೆಂದು ಬಂದ ಪ್ರತಿ ಮಗುವಿಗೂ ಎದೆಯ ಎಕ್ಸ್‌ರೇ ಬೇಕಿಲ್ಲ. ಮಗು ಹಾಲು ಕುಡಿಯುತ್ತ, ಸುತ್ತಲಿನವರನ್ನು ಗಮನಿಸುತ್ತ ಆರಾಮವಾಗಿ ಉಸಿರಾಡುತ್ತಿದ್ದರೆ, ಫ್ಲೂ ಖಚಿತವಾಗಿದ್ದರೂ ಚಿತ್ರದಿಂದ ಚಿಕಿತ್ಸೆ ಬದಲಾಗುವುದು ಅಪರೂಪ. ಆದರೆ ಉಸಿರಾಟದ ವೇಗ ಎರಡು ತಿಂಗಳಿನಿಂದ ಒಂದು ವರ್ಷದೊಳಗಿನ ಕೂಸಿಗೆ ನಿಮಿಷಕ್ಕೆ 50, ಒಂದರಿಂದ ಐದು ವರ್ಷದ ಮಗುವಿಗೆ 40 ದಾಟಿ, ಪಕ್ಕೆ ಒಳಕ್ಕೆ ಸೆಳೆಯುತ್ತಿದ್ದರೆ, ರಕ್ತದಲ್ಲಿನ ಆಮ್ಲಜನಕದ ಪ್ರಮಾಣ ಶೇ. 92ಕ್ಕಿಂತ ಇಳಿದಿದ್ದರೆ, ಇಲ್ಲವೇ ಇಳಿದ ಜ್ವರ ಎರಡು ಮೂರು ದಿನಗಳ ಬಳಿಕ ಮತ್ತೆ ಏರಿದ್ದರೆ ಎಕ್ಸ್‌ರೇ ತೆಗೆಸಲೇಬೇಕು. ಮೊದಲು ಆಮ್ಲಜನಕ, ಆಮೇಲೆ ಚಿತ್ರ. ಫ್ಲೂ ವೈರಸ್ ತಡೆಯುವ ಒಸೆಲ್ಟಾಮಿವಿರ್ ಔಷಧವನ್ನಂತೂ ಎಕ್ಸ್‌ರೇಗಾಗಿ ಕಾಯಿಸಬಾರದು.

ಚಿತ್ರ ತೆಗೆಯುವ ಕೆಲಸಕ್ಕೆ ತಾಳ್ಮೆ ಬೇಕು. ನಮ್ಮ ಮಂಡ್ಯ, ಮೈಸೂರು ಕಡೆಯ ಮಕ್ಕಳ ಕೊರಳಲ್ಲಿ ತಾಯಿತ ಇರುವುದು ಸಾಮಾನ್ಯ. ಅದನ್ನೂ ಸರವನ್ನೂ ಗುಂಡಿಯಿರುವ ಅಂಗಿಯನ್ನೂ ತೆಗೆಸಿ, ಆಮ್ಲಜನಕದ ಕೊಳವೆಯನ್ನು ಮಾತ್ರ ಹಾಗೆಯೇ ಬಿಡಬೇಕು. ಮಗುವನ್ನು ಹಿಡಿದುಕೊಳ್ಳುವವರು ಸೀಸದ ಏಪ್ರನ್ ತೊಟ್ಟಿರಬೇಕು. ತಾಯಿ ಗರ್ಭಿಣಿಯಾಗಿದ್ದರೆ ಬೇರೆಯವರೇ ಹಿಡಿಯಲಿ. ಅಳುವ ಮಗು ಉಸಿರು ಹೊರಬಿಟ್ಟ ಗಳಿಗೆಯಲ್ಲಿ ತೆಗೆದ ಚಿತ್ರದಲ್ಲಿ ಆರೋಗ್ಯವಂತ ಶ್ವಾಸಕೋಶವೂ ಮಬ್ಬಾಗಿ, ಹೃದಯ ದೊಡ್ಡದಾಗಿ ಕಾಣುತ್ತದೆ. ಮೈ ಓರೆಯಾಗಿದ್ದರೆ ಎರಡು ಬದಿಯ ಪಕ್ಕೆಲುಬುಗಳ ಮುಂತುದಿಗಳು ಬೆನ್ನುಮೂಳೆಯಿಂದ ಸಮದೂರದಲ್ಲಿ ಇರುವುದಿಲ್ಲ. ಇವೆರಡನ್ನೂ ಪರೀಕ್ಷಿಸದೆ ನ್ಯುಮೋನಿಯಾ ಎಂದು ಬರೆಯುವುದು ಸರಿಯಲ್ಲ. ಕೂಸುಗಳಲ್ಲಿ ಎದೆಯ ಮೇಲ್ಭಾಗದಲ್ಲಿ ಕಾಣುವ ಥೈಮಸ್ ಗ್ರಂಥಿಯ ನೆರಳನ್ನೂ ರೋಗವೆಂದು ಭಾವಿಸುವ ಸಂಭವವಿದೆ.

ಫ್ಲೂ ಒಂದರಿಂದಲೇ ಆಗುವ ತೊಂದರೆಯಲ್ಲಿ ಸಾಮಾನ್ಯವಾಗಿ ಎರಡೂ ಬದಿ ಶ್ವಾಸನಾಳಗಳ ಸುತ್ತ ಗೆರೆಗಳು ದಪ್ಪವಾಗಿ, ಶ್ವಾಸಕೋಶ ಗಾಳಿಯಿಂದ ಉಬ್ಬಿರುತ್ತದೆ. ಒಂದು ಭಾಗ ದಟ್ಟ ಬಿಳುಪಾಗಿ, ಶ್ವಾಸಕೋಶದ ಸುತ್ತ ನೀರು ತುಂಬಿದ್ದರೆ ನ್ಯುಮೋಕಾಕಸ್ ಅಥವಾ ಸ್ಟ್ಯಾಫಿಲೋಕಾಕಸ್ ಬ್ಯಾಕ್ಟೀರಿಯಾ ಸೇರಿಕೊಂಡಿರಬಹುದೆಂದು ಎಚ್ಚರಗೊಳ್ಳಬೇಕು. ಎರಡೂ ಬದಿಯ ಬಿಳುಪು ಕೆಲವೇ ಗಂಟೆಗಳಲ್ಲಿ ಹರಡುತ್ತಿದ್ದರೆ ಅದು ತೀವ್ರ ಉಸಿರಾಟ ವೈಫಲ್ಯದತ್ತ ಸಾಗುತ್ತಿರುವ ಸೂಚನೆ. ಇದ್ದಕ್ಕಿದ್ದಂತೆ ಶ್ವಾಸಕೋಶದ ಒಂದು ಹಾಲೆ (ವಿಭಾಗ) ಗಾಳಿಯಿಲ್ಲದೆ ಕುಸಿದಿದ್ದರೆ ಶ್ವಾಸನಾಳದಲ್ಲಿ ಗಟ್ಟಿ ಕಫದ ಅಚ್ಚು ಸಿಕ್ಕಿಕೊಂಡಿರಬಹುದು. 2009ರ ಎಚ್1ಎನ್1 ಸಾಂಕ್ರಾಮಿಕದ ಕಾಲದಲ್ಲಿ ಇಂಥ ಮಕ್ಕಳ ವರದಿಗಳು ಬಂದವು. ಮೊದಲ ದಿನದ ಚಿತ್ರ ಶುಭ್ರವಾಗಿದೆ ಎಂಬ ಕಾರಣಕ್ಕೆ ಏದುಸಿರು ಬಿಡುತ್ತಿರುವ ಮಗುವನ್ನು ಮನೆಗೆ ಕಳುಹಿಸಲೇಬಾರದು, ಏಕೆಂದರೆ ಚಿತ್ರದಲ್ಲಿ ರೋಗದ ಗುರುತು ಲಕ್ಷಣಗಳಿಗಿಂತ ತಡವಾಗಿ ಕಾಣಿಸಿಕೊಳ್ಳಬಹುದು.

ಶ್ವಾಸಕೋಶದ ಸುತ್ತ ತುಂಬಿದ ನೀರನ್ನು ಅಳೆಯಲು ವಿಕಿರಣವಿಲ್ಲದ ಅಲ್ಟ್ರಾಸೌಂಡ್ ಹೆಚ್ಚು ಯೋಗ್ಯ. ಸಿಟಿ ಸ್ಕ್ಯಾನ್‌ನ ವಿಕಿರಣ ಎಕ್ಸ್‌ರೇಗಿಂತ ಹತ್ತಾರು ಪಟ್ಟು ಹೆಚ್ಚಿರುವುದರಿಂದ, ಕೀವುಗಡ್ಡೆಯಂಥ ತೊಡಕಿನ ಗಟ್ಟಿ ಸಂಶಯವಿದ್ದಾಗ ಮಾತ್ರ ಅದನ್ನು ಮಾಡಿಸಬೇಕು.

ನಾಗಮಂಗಲದಿಂದಲೋ ಮಳವಳ್ಳಿಯಿಂದಲೋ ಮಗುವನ್ನು ಮಂಡ್ಯದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಾದ ಮಿಮ್ಸ್‌ಗೆ ಅಥವಾ ಮೈಸೂರಿನ ಚೆಲುವಾಂಬ ಆಸ್ಪತ್ರೆಗೆ ಕಳುಹಿಸುವಾಗ ವರದಿಯ ಜೊತೆ ಫಿಲ್ಮನ್ನೂ ಕೊಟ್ಟು, ತೆಗೆದ ಗಂಟೆಯನ್ನೂ ಆಗಿನ ಆಮ್ಲಜನಕದ ಮಟ್ಟವನ್ನೂ ಅದರ ಮೇಲೆ ಬರೆಯಬೇಕು. ಅಲ್ಲಿನ ವೈದ್ಯರು ಹೊಸ ಚಿತ್ರವನ್ನು ಹಳೆಯದರ ಪಕ್ಕದಲ್ಲಿಟ್ಟಾಗಲೇ ರೋಗ ಏರುತ್ತಿದೆಯೋ ಇಳಿಯುತ್ತಿದೆಯೋ ತಿಳಿಯುತ್ತದೆ. ಪೂರ್ತಿ ಚೇತರಿಸಿಕೊಂಡ ಮಗುವಿಗೆ ಮತ್ತೊಂದು ಎಕ್ಸ್‌ರೇ ಬೇಡ. ಹಾಲೆ ಕುಸಿದಿದ್ದವರಿಗೆ, ಒಂದೇ ಜಾಗದಲ್ಲಿ ಪದೇ ಪದೇ ನ್ಯುಮೋನಿಯಾ ಆಗುವವರಿಗೆ ಮಾತ್ರ ನಾಲ್ಕರಿಂದ ಆರು ವಾರಗಳ ನಂತರ ತೆಗೆಸಿದರೆ ಸಾಕು.