ಕೌಂಟರಿಲ್ಲದ ಕಚೇರಿ: ಇಂಗ್ಲೆಂಡಿಗೆ ಹೊರಟ ಹಾಸನದ ಕಡೆಯವರಿಗೆ ಅಲ್ಲಿನ ಕೌನ್ಸಿಲ್ ವ್ಯವಹಾರದ ಪರಿಚಯ

ಹಾಸನಾಂಬೆಯ ಬಾಗಿಲು ತೆರೆಯುವ ದಿನಗಳಿಗೆ ಊರಿಗೆ ಬಂದಿದ್ದಾಗ ಸಾಲಗಾಮೆ ರಸ್ತೆಯ ಪರಿಚಿತರ ಮನೆಗೆ ಹೋಗಿದ್ದೆ. ಆ ಮನೆಯ ಮಗ, ಸೊಸೆ ಮತ್ತು ಮೂರು ವರ್ಷದ ಮೊಮ್ಮಗಳು ಇಂಗ್ಲೆಂಡಿಗೆ ಹೊರಟು ನಿಂತಿದ್ದರು. ಕಾಫಿ ಲೋಟ ಕೈಗಿಡುತ್ತಾ ಹುಡುಗನ ತಂದೆ ಕೇಳಿದರು: "ಅಲ್ಲಿ ನಗರಸಭೆ ಕೆಲಸ ಏನಾದರೂ ಬಿದ್ದರೆ ಯಾರನ್ನು ಹೋಗಿ ನೋಡಬೇಕಪ್ಪಾ?" ಯಾರನ್ನೂ ನೋಡಬೇಕಾಗಿಲ್ಲ, ನೋಡಬೇಕೆಂದರೂ ಸುಲಭಕ್ಕೆ ಸಿಗುವುದಿಲ್ಲ ಎಂದೆ. ಅವರಿಗೆ ಅದು ಸಮಾಧಾನದ ಉತ್ತರವಾಗಲಿಲ್ಲ. ಇಪ್ಪತ್ತು ವರ್ಷಗಳ ಹಿಂದೆ ನನಗೂ ಆಗಿರಲಿಲ್ಲ. ಅಂದು ಹೇಳಿದ್ದನ್ನು, ಅವರಂತೆ ಹೊರಟಿರುವ ಇತರರಿಗೂ ಉಪಯೋಗವಾದೀತೆಂದು, ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ.

ಮೊದಲು ಕೌನ್ಸಿಲ್, ಅಂದರೆ ಅಲ್ಲಿನ ಸ್ಥಳೀಯ ಆಡಳಿತ, ಒಂದೇ ಕಚೇರಿ ಎಂಬ ಭಾವನೆಯನ್ನು ಬಿಡಬೇಕು. ಲಂಡನ್ನಿನ ಒಂದೊಂದು ಭಾಗದಲ್ಲೂ ಹಲವು ದೊಡ್ಡ ನಗರಗಳಲ್ಲೂ ಒಂದೇ ಕೌನ್ಸಿಲ್ ಬಹುತೇಕ ಎಲ್ಲವನ್ನೂ ನೋಡಿಕೊಳ್ಳುತ್ತದೆ. ಇನ್ನು ಕೆಲವು ಕಡೆ ಕಸ, ವಸತಿ ಮತ್ತು ಕೌನ್ಸಿಲ್ ಟ್ಯಾಕ್ಸ್ ವಸೂಲಿ ಡಿಸ್ಟ್ರಿಕ್ಟ್ ಕೌನ್ಸಿಲ್‌ನ ಪಾಲಿಗೂ, ರಸ್ತೆ, ಶಾಲೆ, ಗ್ರಂಥಾಲಯ ಮತ್ತು ವೃದ್ಧರ ಆರೈಕೆ ಕೌಂಟಿ ಕೌನ್ಸಿಲ್‌ನ ಪಾಲಿಗೂ ಹಂಚಿಹೋಗಿರುತ್ತವೆ. ನಮ್ಮ ನಗರಸಭೆ ಮತ್ತು ಜಿಲ್ಲಾ ಪಂಚಾಯಿತಿಗಳಿಗೆ ಇದನ್ನು ಹೋಲಿಸಲು ಹೋದರೆ ಗೊಂದಲವೇ ಹೆಚ್ಚು. 2012ರಲ್ಲಿ ಆರಂಭವಾದ ಸರ್ಕಾರದ ಏಕೈಕ ಜಾಲತಾಣವಾದ GOV.UKಯಲ್ಲಿ ನಿಮ್ಮ ಪೋಸ್ಟ್‌ಕೋಡ್ ಬರೆದರೆ ಯಾವ ಕೆಲಸಕ್ಕೆ ಯಾವ ಕೌನ್ಸಿಲ್ ಎಂಬುದನ್ನು ಅದೇ ತೋರಿಸುತ್ತದೆ.

ಆ ಪೋಸ್ಟ್‌ಕೋಡ್‌ನ ವಿಷಯವನ್ನು ತುಸು ನಿಧಾನವಾಗಿ ಹೇಳಬೇಕು, ಏಕೆಂದರೆ ಅಲ್ಲಿನ ಸೇವೆಗಳೆಲ್ಲ ನಿಂತಿರುವುದು ವಿಳಾಸದ ಮೇಲೆ. "ಮಹಾರಾಜ ಪಾರ್ಕಿನ ಹಿಂದೆ, ಹಿಟ್ಟಿನ ಗಿರಣಿ ದಾಟಿದ ಮೇಲೆ ಎಡಕ್ಕೆ ಮೂರನೆಯ ಮನೆ" ಎಂದರೆ ನಮ್ಮ ಅಂಚೆಯವರಿಗೆ ಸಾಕು. ನಮ್ಮ ಒಂದು ಪಿನ್‌ಕೋಡ್‌ನಲ್ಲಿ ಸಾವಿರಾರು ಮನೆಗಳಿದ್ದರೆ, ಅಲ್ಲಿನ ಒಂದು ಪೋಸ್ಟ್‌ಕೋಡ್‌ಗೆ ಸರಾಸರಿ ಹದಿನೈದರಷ್ಟು ವಿಳಾಸಗಳು ಮಾತ್ರ. ಅದಲ್ಲದೆ ಪ್ರತಿಯೊಂದು ಮನೆಗೂ, ಮನೆಯೊಳಗಿನ ಪ್ರತಿಯೊಂದು ಫ್ಲ್ಯಾಟಿಗೂ, ಗರಿಷ್ಠ 12 ಅಂಕಿಗಳ ಒಂದು ವಿಶಿಷ್ಟ ಸಂಖ್ಯೆ ಇರುತ್ತದೆ. ಅದನ್ನು ಕೊಡುವುದು ಕೌನ್ಸಿಲ್. ಕಸದ ಲಾರಿಯ ಪಟ್ಟಿ, ತೆರಿಗೆಯ ಖಾತೆ, ಶಾಲೆಗೂ ಮನೆಗೂ ಇರುವ ದೂರದ ಲೆಕ್ಕ, ಇವೆಲ್ಲ ತೆರೆಮರೆಯಲ್ಲಿ ಆ ಸಂಖ್ಯೆಯ ಮೂಲಕವೇ ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ನಾನು ಮೊದಲು ಬಾಡಿಗೆಗೆ ಹಿಡಿದದ್ದು ಅಂಗಡಿಯೊಂದರ ಮೇಲಿನ ಎರಡು ಕೋಣೆಗಳ ಫ್ಲ್ಯಾಟ್. ಮಾಲೀಕರು ಹಳೆಯ ಮನೆಯನ್ನು ಎರಡಾಗಿ ಭಾಗ ಮಾಡಿದ್ದರೇ ಹೊರತು ಅದನ್ನು ಕೌನ್ಸಿಲ್‌ಗೆ ತಿಳಿಸಿರಲಿಲ್ಲ. ಪೋಸ್ಟ್‌ಕೋಡ್ ಹಾಕಿದರೆ ತೆರೆಯುವ ವಿಳಾಸಗಳ ಪಟ್ಟಿಯಲ್ಲಿ ಅಂಗಡಿ ಇತ್ತು, ಪಕ್ಕದ ಮನೆ ಇತ್ತು, ನನ್ನ ಮನೆ ಮಾತ್ರ ಇರಲಿಲ್ಲ. ಯಾವ ಅರ್ಜಿಯೂ ಮುಂದಿನ ಪುಟಕ್ಕೆ ಹೋಗಲೊಲ್ಲದು. ಸರಿಯಾಗುವಷ್ಟರಲ್ಲಿ ಮೂರು ತಿಂಗಳು ಕಳೆದವು. ಆದ್ದರಿಂದ ಮನೆಯ ಕರಾರಿಗೆ ಸಹಿ ಹಾಕುವ ಮುನ್ನ ಕೌನ್ಸಿಲ್‌ನ ತಾಣದಲ್ಲಿ ಆ ವಿಳಾಸ ಇದೆಯೇ ಎಂದು ನೋಡಿಕೊಳ್ಳಿ. ಕಸ ಒಯ್ಯುವ ದಿನ ಯಾವುದೆಂದು ಹುಡುಕುವ ಪುಟದಲ್ಲೇ ಅದು ಗೊತ್ತಾಗುತ್ತದೆ.

ಮನೆ ಸೇರಿದ ವಾರದಲ್ಲೇ ಮಾಡಬೇಕಾದದ್ದು ಕೌನ್ಸಿಲ್ ಟ್ಯಾಕ್ಸ್‌ನ ನೋಂದಣಿ. ನಮ್ಮಲ್ಲಿ ಮನೆ ಕಂದಾಯ ಮಾಲೀಕರ ತಲೆನೋವು. ಅಲ್ಲಿ ಸಾಮಾನ್ಯವಾಗಿ ವಾಸವಿರುವ ಬಾಡಿಗೆದಾರರದ್ದು. ಹಲವರು ಒಂದೊಂದು ಕೋಣೆ ಹಿಡಿದು ಹಂಚಿಕೊಂಡಿರುವ ಮನೆಯಾದರೆ ಮಾಲೀಕರೇ ಕಟ್ಟುತ್ತಾರೆ. ಇಂಗ್ಲೆಂಡಿನಲ್ಲಿ ಮನೆಗಳನ್ನು 'ಎ'ಯಿಂದ 'ಎಚ್'ವರೆಗೆ ಎಂಟು ವರ್ಗಗಳಾಗಿ ವಿಂಗಡಿಸಿದ್ದಾರೆ, ಮತ್ತು ಈ ವಿಂಗಡಣೆಗೆ ಆಧಾರ 1991ರ ಏಪ್ರಿಲ್ 1ರಂದು ಆ ಮನೆಗೆ ಎಷ್ಟು ಬೆಲೆ ಬರುತ್ತಿತ್ತು ಎಂಬ ಅಂದಾಜು. ಕಳೆದ ವರ್ಷ ಕಟ್ಟಿದ ಮನೆಗೂ ಇದೇ ಲೆಕ್ಕವೆಂಬುದು ನನಗೆ ಇಂದಿಗೂ ವಿಚಿತ್ರವಾಗಿಯೇ ಕಾಣುತ್ತದೆ. ಗಣಕಯಂತ್ರ ಎಷ್ಟೇ ಹೊಸದಾಗಿರಲಿ, ಅದರೊಳಗಿನ ಕಾಯಿದೆ ಹಳೆಯದಾಗಿರಬಹುದು. ಮನೆಯಲ್ಲಿ ವಯಸ್ಕರೊಬ್ಬರೇ ಇದ್ದರೆ ಶೇಕಡ 25ರಷ್ಟು ರಿಯಾಯಿತಿ ಇದೆ. ಎಲ್ಲರೂ ಪೂರ್ಣಾವಧಿ ವಿದ್ಯಾರ್ಥಿಗಳಾದರೆ ತೆರಿಗೆಯೇ ಇಲ್ಲ. ಗಂಡ ಕೆಲಸದಲ್ಲಿದ್ದು ಹೆಂಡತಿ ಎಂಎಸ್‌ಸಿ ಓದುತ್ತಿದ್ದರೆ, ವಿದ್ಯಾರ್ಥಿಯನ್ನು ಲೆಕ್ಕಕ್ಕೆ ಹಿಡಿಯದ ಕಾರಣ, ಅಲ್ಲಿಯೂ ಕಾಲು ಭಾಗ ಇಳಿಯುತ್ತದೆ. ಆದರೆ ಇವನ್ನು ನೀವು ಕೇಳಿಯೇ ಪಡೆಯಬೇಕು.

ಇಲ್ಲೊಂದು ಎಚ್ಚರಿಕೆ. ಅದೇ ಜಾಲಪುಟದಲ್ಲಿ ರಿಯಾಯಿತಿಯ ಪಕ್ಕದಲ್ಲೇ, ಕಡಿಮೆ ಆದಾಯದವರಿಗಾಗಿ ಕೌನ್ಸಿಲ್ ಟ್ಯಾಕ್ಸ್ ಕಡಿತ ಎಂಬ ಇನ್ನೊಂದು ಅರ್ಜಿಯ ಗುಂಡಿ ಇರುತ್ತದೆ. ಕೆಲಸದ ಅಥವಾ ವಿದ್ಯಾರ್ಥಿ ವೀಸಾದಲ್ಲಿರುವ ಬಹುತೇಕ ನಮ್ಮವರಿಗೆ ಸಾರ್ವಜನಿಕ ನಿಧಿಯ ನೆರವು ಪಡೆಯಬಾರದೆಂಬ ಷರತ್ತಿರುತ್ತದೆ. ಒಬ್ಬರೇ ಇದ್ದುದಕ್ಕೆ ಸಿಗುವ ಶೇಕಡ 25ರ ರಿಯಾಯಿತಿ ಆ ನಿಧಿಯ ವ್ಯಾಪ್ತಿಗೆ ಬರುವುದಿಲ್ಲ, ಈ ಕಡಿತ ಬರುತ್ತದೆ. ಎರಡು ಗುಂಡಿಗಳೂ ನೋಡಲು ಒಂದೇ ಬಣ್ಣದವು. ತಪ್ಪು ಗುಂಡಿ ಒತ್ತಿದರೆ ಮುಂದೆ ವೀಸಾ ನವೀಕರಣದಲ್ಲಿ ಪ್ರಶ್ನೆ ಏಳಬಹುದು. ತೆರಿಗೆಯನ್ನು ಸಾಮಾನ್ಯವಾಗಿ ಏಪ್ರಿಲ್‌ನಿಂದ ಜನವರಿಯವರೆಗೆ ಹತ್ತು ಕಂತುಗಳಲ್ಲಿ ಕಟ್ಟುತ್ತಾರೆ. ಕೇಳಿಕೊಂಡರೆ ಹನ್ನೆರಡು ಮಾಡಿಕೊಡುತ್ತಾರೆ. ಕಂತು ತಪ್ಪಿದರೆ ಜ್ಞಾಪನಾ ಪತ್ರ ತಾನಾಗಿಯೇ ಹೊರಡುತ್ತದೆ. ಅದಕ್ಕೂ ಸುಮ್ಮನಿದ್ದರೆ ಕಂತಿನ ಸೌಲಭ್ಯ ರದ್ದಾಗಿ ವರ್ಷದ ಬಾಕಿಯನ್ನೆಲ್ಲ ಒಟ್ಟಿಗೆ ಕೇಳುತ್ತಾರೆ, ಅನಂತರ ನ್ಯಾಯಾಲಯದ ಸಮನ್ಸ್. ಊರಿಗೆ ರಜೆಗೆ ಬಂದಿದ್ದೆ ಎಂಬ ವಿವರಣೆಯನ್ನು ಆ ವ್ಯವಸ್ಥೆ ಕೇಳಿಸಿಕೊಳ್ಳುವುದಿಲ್ಲ. ಬ್ಯಾಂಕಿನಿಂದ ನೇರವಾಗಿ ಹೋಗುವಂತೆ ಡೈರೆಕ್ಟ್ ಡೆಬಿಟ್ ಮಾಡಿಸಿಬಿಡಿ.

ಹೆಸರಿನ ತೊಡಕು ವಿಶೇಷವಾಗಿ ನಮ್ಮವರದ್ದು. ನನ್ನ ಹೆಸರಿನ ಹಿಂದೆ 'ಎಚ್.ಎಸ್.' ಎಂದಿದೆ, 'ಎಚ್' ಹಾಸನದ್ದು, 'ಎಸ್' ತಂದೆಯವರದ್ದು. ಒಂದು ಕಡೆ ಊರಿನ ಹೆಸರೇ ಮನೆತನದ ಹೆಸರಾಯಿತು, ಇನ್ನೊಂದು ಕಡೆ ತಂದೆಯವರ ಹೆಸರು ನನ್ನದಾಯಿತು, ಗ್ರಂಥಾಲಯದ ಕಾರ್ಡಿನಲ್ಲಿ ಬರೀ ಅಕ್ಷರಗಳು ಉಳಿದವು. ಮನುಷ್ಯರಾದರೆ ಮೂವರೂ ಒಬ್ಬರೇ ಎಂದು ಊಹಿಸಿಯಾರು. ದಾಖಲೆ ಹೊಂದಿಸುವ ತಂತ್ರಾಂಶ ಊಹಿಸಲಿಲ್ಲ. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೆಯೇ, ಅಕ್ಷರವೂ ಬದಲಾಗದಂತೆ, ಎಲ್ಲ ಕಡೆಯೂ ಬರೆಯಿರಿ.

ಕಸದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಾಡು ಹಾಕಿಕೊಂಡು ಬರುವ ನಮ್ಮ ಕಸದ ಗಾಡಿಯಂತೆ ಅಲ್ಲಿ ಯಾರೂ ಕರೆಯುವುದಿಲ್ಲ. ಯಾವ ಬಣ್ಣದ ಡಬ್ಬಿ ಯಾವ ವಾರ ಎಂಬುದು ಊರಿಂದೂರಿಗೆ ಬೇರೆ. ಅನೇಕ ಕೌನ್ಸಿಲ್‌ಗಳ ಲಾರಿಗಳಲ್ಲಿ ಚಾಲಕರ ಪಕ್ಕದಲ್ಲೊಂದು ಟ್ಯಾಬ್ಲೆಟ್ ಇರುತ್ತದೆ. ಡಬ್ಬಿ ಹೊರಗಿರಲಿಲ್ಲ, ಮರುಬಳಕೆಯ ಡಬ್ಬಿಯಲ್ಲಿ ಊಟದ ಶೇಷವಿತ್ತು ಎಂಬುದೆಲ್ಲ ಆಗಲೇ ಅದರಲ್ಲಿ ದಾಖಲಾಗುತ್ತದೆ. ನಮ್ಮ ಬೀದಿಯವರೊಬ್ಬರು ಲಾರಿ ಬರಲೇ ಇಲ್ಲವೆಂದು ದೂರು ಕೊಡಲು ಹೋದಾಗ, ಬೆಳಿಗ್ಗೆ 7 ಗಂಟೆ 12 ನಿಮಿಷಕ್ಕೆ ಬಂದಾಗ ಡಬ್ಬಿ ಇರಲಿಲ್ಲ ಎಂಬ ಉತ್ತರ ತೆರೆಯ ಮೇಲೆಯೇ ಬಂದಿತು. ಹಿಂದಿನ ರಾತ್ರಿಯೇ ಹೊರಗಿಡುವುದು ಒಳ್ಳೆಯದು.

ರಸ್ತೆಗುಂಡಿ, ಕೆಟ್ಟ ಬೀದಿದೀಪ, ಕಟ್ಟಿಕೊಂಡ ಚರಂಡಿ ಇವುಗಳಿಗೆ 2007ರಲ್ಲಿ ಮೈಸೊಸೈಟಿ ಎಂಬ ಸಂಸ್ಥೆ ಆರಂಭಿಸಿದ ಫಿಕ್ಸ್‌ಮೈಸ್ಟ್ರೀಟ್ ಎಂಬ ತಾಣವಿದೆ. ನಕ್ಷೆಯಲ್ಲಿ ಜಾಗ ಗುರುತಿಸಿ ಚಿತ್ರ ಸೇರಿಸಿದರೆ ಸಂಬಂಧಪಟ್ಟ ಕೌನ್ಸಿಲ್‌ಗೆ ಅದೇ ಕಳುಹಿಸುತ್ತದೆ. ಕೆಲವು ಕೌನ್ಸಿಲ್‌ಗಳು ಅದನ್ನೇ ತಮ್ಮ ಸ್ವಂತ ವ್ಯವಸ್ಥೆಯಾಗಿ ಬಳಸುತ್ತವೆ. ಒಬ್ಬರ ದೂರಿನಿಂದ ಏನಾಗುತ್ತದೆ ಎಂದುಕೊಳ್ಳಬೇಡಿ. ಗುಂಡಿಯಿಂದ ವಾಹನಕ್ಕೆ ಹಾನಿಯಾಗಿ ಪರಿಹಾರ ಕೇಳುವ ಸಂದರ್ಭ ಬಂದರೆ, ಆ ಗುಂಡಿ ಕೌನ್ಸಿಲ್‌ಗೆ ಮೊದಲೇ ತಿಳಿದಿತ್ತೇ ಎಂಬುದು 1980ರ ಹೆದ್ದಾರಿ ಕಾಯಿದೆಯಂತೆ ಮುಖ್ಯ ಪ್ರಶ್ನೆಯಾಗುತ್ತದೆ, ಮತ್ತು ನಿಮ್ಮ ದೂರಿನ ದಿನಾಂಕ ಅದಕ್ಕೆ ಸಾಕ್ಷಿ. ನಮ್ಮ ಸಕಾಲದ ಅರ್ಜಿಗೆ 15 ಅಂಕಿಗಳ ಜಿಎಸ್‌ಸಿ ಸಂಖ್ಯೆ ಸಿಗುವಂತೆ ಅಲ್ಲಿಯೂ ಪ್ರತಿ ಅರ್ಜಿಗೂ ಒಂದು ಉಲ್ಲೇಖ ಸಂಖ್ಯೆ ಬರುತ್ತದೆ. ನಾಡಕಚೇರಿಯ ಸ್ವೀಕೃತಿಯನ್ನು ನಮ್ಮ ಹಿರಿಯರು ಮಡಿಸಿ ಜೇಬಿನಲ್ಲಿಟ್ಟುಕೊಳ್ಳುತ್ತಿದ್ದಷ್ಟೇ ಜೋಪಾನವಾಗಿ ಅದನ್ನು ಇಟ್ಟುಕೊಳ್ಳಿ. ಪರಿಚಯದವರ ಬಲವಿಲ್ಲದ ಕಡೆ ಆ ಸಂಖ್ಯೆಯೇ ನಿಮ್ಮ ಪರಿಚಯ.

ಮಕ್ಕಳಿದ್ದವರಿಗೆ ದಿನಾಂಕಗಳು ಪ್ರಾಣ. ನಾಲ್ಕು ತುಂಬಿದ ಮಗು ಮುಂದಿನ ಸೆಪ್ಟೆಂಬರಿನಲ್ಲಿ ಶಾಲೆಯ ಮೊದಲ ತರಗತಿಯಾದ ರಿಸೆಪ್ಷನ್ ಸೇರುತ್ತದೆ; ಅದಕ್ಕೆ ಅರ್ಜಿಯ ಕೊನೆಯ ದಿನ ಜನವರಿ 15, ಸ್ಥಾನ ತಿಳಿಯುವುದು ಏಪ್ರಿಲ್ 16ರಂದು. ಪ್ರೌಢಶಾಲೆಗೆ ಅಕ್ಟೋಬರ್ 31 ಮತ್ತು ಮಾರ್ಚ್ 1. ಶಾಲೆಗೆ ಬೇಡಿಕೆ ಹೆಚ್ಚಿದ್ದರೆ ಅನೇಕ ಕಡೆ ದೂರವೇ ನಿರ್ಣಾಯಕ, ಮತ್ತು ಆ ದೂರವನ್ನು ಗಣಕದ ನಕ್ಷೆ ಮೀಟರುಗಳಲ್ಲಿ ಅಳೆಯುತ್ತದೆ. ವರ್ಷದ ನಡುವೆ ಹೋಗುವವರಿಗೆ ಬೇರೆ ಅರ್ಜಿಯಿದೆ. ಅದನ್ನು ಕೆಲವು ಕಡೆ ಕೌನ್ಸಿಲ್, ಕೆಲವು ಕಡೆ ಶಾಲೆಯೇ ತೆಗೆದುಕೊಳ್ಳುತ್ತದೆ.

ನಮ್ಮವರಲ್ಲಿ ಅನೇಕರಿಗೆ ತಿಳಿಯದ ಸಂಗತಿಯೊಂದಿದೆ. ಕಾಮನ್‌ವೆಲ್ತ್ ದೇಶದವರಾದ್ದರಿಂದ, ವೀಸಾದ ಮೇಲೆ ಅಲ್ಲಿ ವಾಸಿಸುವ ಭಾರತೀಯ ಪೌರರಿಗೂ ಮತದಾನದ ಹಕ್ಕಿದೆ, ಕೌನ್ಸಿಲ್ ಚುನಾವಣೆಗೂ ಸಂಸತ್ತಿನ ಚುನಾವಣೆಗೂ. ಆನ್‌ಲೈನ್ ನೋಂದಣಿಗೆ ಐದಾರು ನಿಮಿಷ ಸಾಕು. ದುಡಿಯುವವರಿಗೆ ಸರ್ಕಾರ ಕೊಡುವ ನ್ಯಾಷನಲ್ ಇನ್ಶೂರೆನ್ಸ್ ಸಂಖ್ಯೆಯನ್ನು ಕೇಳುತ್ತದೆ. ಮತಗಟ್ಟೆಯಲ್ಲಿ ಭಾವಚಿತ್ರವಿರುವ ಗುರುತಿನ ದಾಖಲೆ ತೋರಿಸುವುದು 2023ರಿಂದ ಕಡ್ಡಾಯವಾಗಿದ್ದು, ಭಾರತದ ಪಾಸ್‌ಪೋರ್ಟ್ ನಡೆಯುತ್ತದೆ. ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಸಾಲ ಮತ್ತು ಮೊಬೈಲ್ ಕರಾರುಗಳ ವಿಳಾಸ ಪರಿಶೀಲನೆಯೂ ಸುಲಭ.

ವಾಹನ ನಿಲುಗಡೆಗೆ ಹಣವನ್ನು ಈಗ ಬಹುಪಾಲು ಆ್ಯಪ್ ಮೂಲಕವೇ ಕಟ್ಟಬೇಕು. ನಿಲ್ದಾಣದ ಯಂತ್ರದ ಮೇಲೆ ಯಾರೋ ಅಂಟಿಸಿದ ಕ್ಯೂಆರ್ ಚೀಟಿಯನ್ನು ನಂಬಿ ಹಣ ಕಳೆದುಕೊಂಡವರಿದ್ದಾರೆ. ಆ್ಯಪನ್ನು ನಿಮ್ಮ ಫೋನಿನಲ್ಲಿ ಮೊದಲೇ ಇಳಿಸಿಕೊಳ್ಳಿ. ಕೌನ್ಸಿಲ್‌ನ ದಂಡದ ಚೀಟಿ ಬಂದರೆ 14 ದಿನಗಳೊಳಗೆ ಕಟ್ಟಿದವರಿಗೆ ಸಾಮಾನ್ಯವಾಗಿ ಅರ್ಧ. ತೆರಿಗೆ ಮರಳಿಸುತ್ತೇವೆ ಎಂಬ ಸಂದೇಶಗಳನ್ನು ಒತ್ತದೆ ಅಳಿಸಿಬಿಡಿ. ಗ್ರಂಥಾಲಯಕ್ಕೆ ಮಾತ್ರ ಖುದ್ದಾಗಿ ಹೋಗಿ: ಸದಸ್ಯತ್ವ ಉಚಿತ, ಗಣಕಯಂತ್ರಗಳಿವೆ, ಮತ್ತು ಅರ್ಜಿ ತುಂಬಲು ತಿಳಿಯದ ಹಿರಿಯರಿಗೆ ನೆರವಾಗುವ ಮನುಷ್ಯರು ಕಾಣಸಿಗುವುದು ಅಲ್ಲಿಯೇ.

ಯಂತ್ರ ಕೈಕೊಟ್ಟಾಗ ದೂರವಾಣಿ ಇದ್ದೇ ಇದೆ, ಕಾಯಲು ತಾಳ್ಮೆ ಬೇಕು. ಅದರಿಂದಲೂ ಆಗದಿದ್ದರೆ ಕೌನ್ಸಿಲ್‌ನ ಅಧಿಕೃತ ದೂರು ವಿಧಾನವನ್ನು ಹಿಡಿಯಬೇಕು; ಅದು ಮುಗಿದ ಮೇಲೂ ಅನ್ಯಾಯವೆನಿಸಿದರೆ ಕೌನ್ಸಿಲ್‌ಗಳ ಮೇಲಿನ ದೂರುಗಳನ್ನು ಸ್ವತಂತ್ರವಾಗಿ ವಿಚಾರಿಸುವ ಸ್ಥಳೀಯ ಸರ್ಕಾರದ ಒಂಬುಡ್ಸ್‌ಮನ್ ಅವರಿಗೆ, ಸಾಮಾನ್ಯವಾಗಿ ವಿಷಯ ತಿಳಿದ 12 ತಿಂಗಳೊಳಗೆ, ಉಚಿತವಾಗಿ ಬರೆಯಬಹುದು. ನಿಮ್ಮ ವಾರ್ಡಿನ ಕೌನ್ಸಿಲರ್ ಕೂಡ ಇದ್ದಾರೆ. ಅಂಗಡಿಯ ಮೇಲಿನ ನನ್ನ ಮನೆಗೆ ಕೊನೆಗೂ ಸಂಖ್ಯೆ ಕೊಡಿಸಿದ್ದು, ಶನಿವಾರ ಬೆಳಿಗ್ಗೆ ಗ್ರಂಥಾಲಯದ ಮೂಲೆಯಲ್ಲಿ ಜನರ ಅಹವಾಲು ಕೇಳಲು ಕೂರುತ್ತಿದ್ದ ಅಂಥ ಒಬ್ಬ ಮಹಿಳೆ.

ಊರು ಬಿಡುವ ಮೊದಲು ಮಗುವಿನ ಜನನ ಪತ್ರದ ಇಂಗ್ಲಿಷ್ ಪ್ರತಿಯನ್ನೂ, ಲಸಿಕೆಗಳ ವಿವರವಿರುವ ತಾಯಿ ಕಾರ್ಡನ್ನೂ ಸ್ಕ್ಯಾನ್ ಮಾಡಿ ಇಟ್ಟುಕೊಳ್ಳಿ. ಶಾಲೆಗೂ ವೈದ್ಯರ ನೋಂದಣಿಗೂ ಅವು ಬೇಕಾಗುತ್ತವೆ. ಸಾಲಗಾಮೆ ರಸ್ತೆಯ ಆ ಮನೆಯಲ್ಲಿ ಜನನ ಪತ್ರವನ್ನೂ ಪಾಸ್‌ಪೋರ್ಟನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ, ತಾಯಿಯ ಹೆಸರಿನಲ್ಲಿ ಒಂದು 'ಎಚ್' ಅಕ್ಷರ ಹೆಚ್ಚಾಗಿತ್ತು. ವಿಮಾನಕ್ಕೆ ಇನ್ನೂ ಹತ್ತೊಂಬತ್ತು ದಿನಗಳಿದ್ದವು. ಅಜ್ಜ ಮರುದಿನ ಬೆಳಿಗ್ಗೆಯೇ ತಿದ್ದುಪಡಿಯ ಅರ್ಜಿ ಹಿಡಿದು ಹೊರಟರು.