ಜಾರುವ ದಾರಿಯಲ್ಲಿ ಹಿಂದಿನ ಚಕ್ರದ ಗಾಡಿ: ನನ್ನ ಅನುಭವ

ನಮ್ಮ ಕಾಸರಗೋಡು ಜಿಲ್ಲೆಯ ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆ ಯಾರ ಹತ್ರ ಕೇಳಿದ್ರೂ ಈಗ ಒಂದೇ ಮಾತು, ಮಳೆಗಾಲಕ್ಕೆ ರಿಯರ್ ವೀಲ್ ಗಾಡಿ (ಎಂಜಿನ್ ಹಿಂದಿನ ಚಕ್ರವನ್ನ ಮಾತ್ರ ತಿರುಗಿಸುವಂಥದ್ದು) ಬೇಡ, ಜಾರ್ತದೆ, ತಗೊಳ್ಳೋದಾದ್ರೆ ಮುಂದಿನ ಚಕ್ರ ಎಳೆಯುವ ಫ್ರಂಟ್ ವೀಲ್ ಇಲ್ಲಾ ನಾಲ್ಕೂ ಚಕ್ರ ಕೆಲಸ ಮಾಡುವ ಫೋರ್ ವೀಲ್ ತಗೊಳ್ಳಿ ಅಂತ. ನಾನು ಇದನ್ನ ಒಪ್ಪೋದಿಲ್ಲ. ನಮ್ಮ ಮನೆ ಗುಡ್ಡೆಯ ಮೇಲೆ, ತೋಟ ಕೆಳಗೆ, ನಡುವಿನ ದಾರಿ ಸ್ವಲ್ಪ ದೂರ ಕಾಂಕ್ರೀಟು, ಉಳಿದದ್ದು ಮಣ್ಣು ಮತ್ತು ಮುರಕಲ್ಲು. ಈ ದಾರಿಯಲ್ಲಿ ನಾನು ಓಡಿಸೋದು ಮಾರುತಿಯ ಓಮ್ನಿ ವ್ಯಾನು, ರಿಯರ್ ವೀಲ್ ಗಾಡಿಯೇ. ಜೂನ್‌ನಿಂದ ಸೆಪ್ಟೆಂಬರ್ ತನಕ ಅಡಿಕೆಗೆ ಮದ್ದು ಬಿಡುವ ಡ್ರಮ್ಮು, ಮೈಲುತುತ್ತು, ಸುಣ್ಣ, ಗೊಬ್ಬರ, ಕೆಲಸಕ್ಕೆ ಬರುವ ಜನ, ಎಲ್ಲ ಅದರಲ್ಲೇ ಹತ್ತಿ ಇಳಿಯೋದು. ವರ್ಷಕ್ಕೆ 3000 ಮಿ.ಮೀ. ಮೇಲೆ ಮಳೆ ಬೀಳುವ ಜಿಲ್ಲೆ ನಮ್ಮದು, ಜಾರೋದು ಅಂದ್ರೆ ಎಂತ ಅಂತ ಇಲ್ಲಿಯವರಿಗೆ ಹೊಸತಾಗಿ ಹೇಳ್ಬೇಕಾಗಿಲ್ಲ.

ಈಗಿನ ಮಕ್ಕಳಿಗೆ ಓಮ್ನಿ ಅಷ್ಟು ಗೊತ್ತಿರ್ಲಿಕ್ಕಿಲ್ಲ. 1984ರಲ್ಲಿ ಮಾರುತಿ ವ್ಯಾನ್ ಅಂತ ಬಂದದ್ದು, ಕಾಸರಗೋಡು ಜಿಲ್ಲೆ ಆದದ್ದೂ ಅದೇ ವರ್ಷ. 2019ರಲ್ಲಿ ಮಾಡೋದು ನಿಲ್ಲಿಸಿದ್ರು. 796 ಸಿಸಿ, ಮೂರು ಸಿಲಿಂಡರು, ಸಪೂರ ಟಯರು, ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದ ಹಾಗೆ ನೋಡುವ ಎಬಿಎಸ್ ಇಲ್ಲ, ಚಕ್ರ ಸುಮ್ಮನೆ ತಿರುಗದ ಹಾಗೆ ತಡೆಯುವ ಟ್ರಾಕ್ಷನ್ ಕಂಟ್ರೋಲ್ ಅಂತೂ ಕೇಳ್ಬೇಡಿ. ಎಂಜಿನ್ ಇರೋದು ಮುಂದಿನ ಸೀಟಿನ ಅಡಿಯಲ್ಲಿ, ಡ್ರೈವರ್ ಕೂತ್ಕೊಳ್ಳೋದು ಅದರ ಮೇಲೆ, ದೂಡುವ ಚಕ್ರ ಮಾತ್ರ ಹಿಂದೆ. ಅಂದ್ರೆ ಖಾಲಿ ಗಾಡಿಯಲ್ಲಿ ಭಾರ ಒಂದು ಕಡೆ, ಕೆಲಸ ಮಾಡುವ ಚಕ್ರ ಇನ್ನೊಂದು ಕಡೆ. ಓಮ್ನಿ ಜಾರ್ತದೆ ಅನ್ನುವವರು ನೋಡಿದ್ದು ಹೆಚ್ಚಾಗಿ ಖಾಲಿ ಓಮ್ನಿಯನ್ನ. ಅದೇ ಗಾಡಿಗೆ ಹಿಂದೆ ಭಾರ ಹಾಕಿ ಚಡಾವು ಹತ್ತಿಸಿ ನೋಡಿ, ಬೇರೆಯೇ ಗಾಡಿ ಆಗ್ತದೆ. ಚಡಾವಿನಲ್ಲಿ ಭಾರ ತನ್ನಷ್ಟಕ್ಕೆ ಹಿಂದಕ್ಕೆ ಬರ್ತದೆ, ಎಕ್ಸಿಲೇಟರ್ ಕೊಟ್ಟಾಗ ಇನ್ನೂ ಸ್ವಲ್ಪ ಹಿಂದಕ್ಕೆ ಬರ್ತದೆ, ಅದೆಲ್ಲ ಬಂದು ಕೂರೋದು ದೂಡುವ ಚಕ್ರದ ಮೇಲೆಯೇ. ಫ್ರಂಟ್ ವೀಲ್ ಕಾರಿನಲ್ಲಿ ಇದು ಉಲ್ಟಾ, ಚಡಾವು ಜೋರಾದಷ್ಟು ಎಳೆಯುವ ಚಕ್ರ ಹಗುರ ಆಗ್ತಾ ಹೋಗ್ತದೆ. ನಮ್ಮ ದಾರಿಯಲ್ಲಿ ಪಾಚಿ ಹಿಡಿದ ಕಾಂಕ್ರೀಟಿನ ಮೇಲೆ ಹೊಸ ಹೊಸ ಕಾರು ನಿಂತು ಟಯರ್ ಸುಡುವ ವಾಸನೆ ಬರ್ತಿರುವಾಗ ಗೊಬ್ಬರದ ಗೋಣಿ ತುಂಬಿದ ಓಮ್ನಿ ಹತ್ತಿ ಹೋದದ್ದು ಊರವರೇ ನೋಡಿದ್ದಾರೆ.

ಹಾಗಾಗಿ ಮಳೆ ಹಿಡಿದ ಮೇಲೆ ನನ್ನ ಗಾಡಿಯಲ್ಲಿ ಎರಡು ಗೋಣಿ ಹೊಯ್ಗೆ (ಮರಳು) ಯಾವಾಗ್ಲೂ ಉಂಟು. ಇಡುವ ಜಾಗ ಮುಖ್ಯ, ಹಿಂದಿನ ಆಕ್ಸಲಿನ ಸರೀ ಮೇಲೆ ಬರ್ಬೇಕು, ಹಗ್ಗ ಹಾಕಿ ಕಟ್ಟಿರ್ಬೇಕು. ಡಿಕ್ಕಿ ಬಾಗಿಲಿಗೆ ತಾಗಿಸಿ ಇಟ್ರೆ ತಿರುವಿನಲ್ಲಿ ಆ ಭಾರವೇ ಹಿಂಬದಿಯನ್ನ ಹೊರಗೆ ಬೀಸ್ತದೆ, ಮುಂದಿನ ಚಕ್ರವೂ ಹಗುರ ಆಗಿ ಸ್ಟೇರಿಂಗ್ ತಿರುಗಿಸಿದ್ರೂ ಗಾಡಿ ನೆಟ್ಟಗೆ ಹೋಗ್ತದೆ. ಹೊಯ್ಗೆಯೇ ಯಾಕೆ ಅಂದ್ರೆ ಎಲ್ಲಾದ್ರೂ ಸಿಕ್ಕಿ ಹಾಕ್ಕೊಂಡ್ರೆ ಗೋಣಿಯ ಬಾಯಿ ಬಿಚ್ಚಿ ಎರಡು ಬೊಗಸೆ ಚಕ್ರದ ಅಡಿಗೆ ಹಾಕ್ಲಿಕ್ಕೂ ಆಗ್ತದೆ.

ಇನ್ನು ಕಾಲಿನ ವಿಷಯ. ಒದ್ದೆ ಅಡಿಕೆ ಹಾಳೆಯ ಮೇಲೆ ಕಾಲಿಡುವಾಗ ನಾವು ಹೇಗೆ ಇಡ್ತೇವೆ, ಎಕ್ಸಿಲೇಟರಿನ ಮೇಲೆ ಹಾಗೆ ಇಡ್ಬೇಕು. ಕೆಸರಿನಲ್ಲಿ ಹೊರಡುವಾಗ ನಾನು ಫಸ್ಟ್ ಗೇರ್ ಹಾಕೋದೇ ಇಲ್ಲ, ಸಮ ಜಾಗ ಆದ್ರೆ ಸೆಕೆಂಡಿನಲ್ಲೇ ಕ್ಲಚ್ಚು ಮೆಲ್ಲ ಬಿಟ್ಟು ಹೊರಡೋದು, ಯಾಕಂದ್ರೆ ಫಸ್ಟಿನಲ್ಲಿ ಚಕ್ರಕ್ಕೆ ಸಿಗುವ ಜೋರು ನೆಲದ ಹಿಡಿತಕ್ಕಿಂತ ಹೆಚ್ಚಾಗ್ತದೆ. ಒಮ್ಮೆ ಚಕ್ರ ಸುಮ್ಮನೆ ತಿರುಗ್ಲಿಕ್ಕೆ ಸುರು ಆದ್ರೆ ಇದ್ದ ಹಿಡಿತವೂ ಹೋಯ್ತು. ಜೋರು ಚಡಾವಿಗೆ ಮಾತ್ರ ಕೆಳಗಿನ ಸಮತಟ್ಟಿನಲ್ಲೇ ಗೇರ್ ನಿಶ್ಚಯ ಮಾಡಿ ಅದೇ ಗೇರಿನಲ್ಲಿ ಮೇಲಿನ ತನಕ, ನಡುವೆ ಗೇರ್ ಬದಲಿಸ್ಲಿಕ್ಕಿಲ್ಲ, ನಿಲ್ಲಿಸ್ಲಿಕ್ಕಿಲ್ಲ, ಮೇಲಿಂದ ಯಾರಾದ್ರೂ ಇಳಿದು ಬರ್ತಾರಾ ಅಂತ ಮೊದಲೇ ಹಾರ್ನ್ ಹಾಕಿ ಕೇಳ್ಬೇಕು.

ನಮ್ಮ ದಾರಿಯ ಕಷ್ಟದ ಜಾಗ ಹಲಸಿನ ಮರದ ತಿರುವು. ಕಾಂಕ್ರೀಟ್ ಮುಗಿದು ಮಣ್ಣು ಸುರು ಆಗೋದು ಅಲ್ಲೇ, ಮೇಲಿನ ತೋಡಿನ ನೀರು ದಾರಿಗೆ ಅಡ್ಡ ಹರೀತದೆ, ಒಳಬದಿಯಲ್ಲಿ ಪಾಚಿ, ಹೊರಬದಿಯಲ್ಲಿ ಚರಳು. ಹೆಚ್ಚಿನವರು ಹೊರಬದಿಯ ತಗ್ಗಿಗೆ ಹೆದರಿ ಒಳಗೆ ಪಾಚಿಯ ಮೇಲೆ ಹೋಗ್ತಾರೆ. ನಾನು ತಿರುವಿಗೆ ಬರುವ ಮೊದಲೇ ಸ್ಪೀಡ್ ಕಮ್ಮಿ ಮಾಡಿ, ಹೊರಗಿನ ಎರಡು ಚಕ್ರ ಚರಳಿನ ಮೇಲೆ ಸಿಗುವ ಹಾಗೆ ಹಿಡಿದು, ಸ್ಟೇರಿಂಗ್ ತಿರುಗಿಸಿ ಇರುವಷ್ಟು ಹೊತ್ತು ಎಕ್ಸಿಲೇಟರ್ ಏರಿಸೋದೂ ಇಲ್ಲ ಇಳಿಸೋದೂ ಇಲ್ಲ, ಸ್ಟೇರಿಂಗ್ ನೆಟ್ಟಗೆ ಆದ ಮೇಲೆ ಮಾತ್ರ ಸ್ವಲ್ಪ ಕೊಡೋದು. ಹಿಂದಿನ ಚಕ್ರದ ಗಾಡಿಯಲ್ಲಿ ತಿರುವಿನ ನಡುವೆ ಒಮ್ಮೆಲೇ ಎಕ್ಸಿಲೇಟರ್ ಕೊಟ್ರೂ ಬಾಲ ಹೊರಗೆ ಬರ್ತದೆ, ಒಮ್ಮೆಲೇ ಬಿಟ್ರೂ ಬರ್ತದೆ. ಬಾಲ ಬಂತು ಅಂತ ಮೊದಲು ಗೊತ್ತಾಗೋದು ಸೊಂಟಕ್ಕೆ, ಕಣ್ಣಿಗಲ್ಲ. ಆಗ ಬ್ರೇಕ್ ಮುಟ್ಟಬಾರ್ದು, ಹಿಂಬದಿ ಯಾವ ಕಡೆ ಹೋಗ್ತದೋ ಸ್ಟೇರಿಂಗ್ ಆ ಕಡೆಗೇ ತಿರುಗಿಸ್ಬೇಕು, ಕಣ್ಣು ತಗ್ಗಿನ ಮೇಲಲ್ಲ, ನಾವು ಹೋಗ್ಬೇಕಾದ ದಾರಿಯ ಮೇಲಿರ್ಬೇಕು. ಗಾಡಿ ನೆಟ್ಟಗೆ ಆಗ್ತಾ ಬಂದಾಗ ಸ್ಟೇರಿಂಗೂ ಒಟ್ಟಿಗೇ ವಾಪಾಸು ಬರ್ಬೇಕು, ತಡ ಆದ್ರೆ ಬಾಲ ಇನ್ನೊಂದು ಕಡೆಗೆ ಬೀಸ್ತದೆ, ಆ ಎರಡನೇ ಬೀಸು ಮೊದಲಿನದ್ದಕ್ಕಿಂತ ಜೋರು.

ನನ್ನ ಅತ್ತೆಯ ಮಗ ಡ್ರೈವಿಂಗ್ ಕಲಿತದ್ದು ಇದೇ ದಾರಿಯಲ್ಲಿ. ಈಗ ಜರ್ಮನಿಯಲ್ಲಿ ಮ್ಯೂನಿಕ್ ಹತ್ರ ಕೆಲಸದಲ್ಲಿದ್ದಾನೆ, ಅಲ್ಲಿ ಸೆಕೆಂಡ್ ಹ್ಯಾಂಡಿನಲ್ಲಿ ಒಂದು ಟೊಯೋಟಾ ಜಿಟಿ86 ತಗೊಂಡ, ಎರಡು ಬಾಗಿಲಿನ ತಗ್ಗು ಸ್ಪೋರ್ಟ್ಸ್ ಕಾರು, ಎಂಜಿನ್ ಮುಂದೆ, ದೂಡೋದು ಹಿಂದಿನ ಚಕ್ರ. ಮೊದಲ ಹಿಮ ಬಿದ್ದ ದಿನ ಬೆಳಿಗ್ಗೆ ಫೋನು.

"ಭಾವ, ಪಾರ್ಕಿಂಗ್ ಇಡೀ ಬೆಳ್ಳಗಾಗಿದೆ, ಗಾಡಿ ಒಂದಡಿ ಮುಂದೆ ಹೋಗ್ತಾ ಇಲ್ಲ, ಚಕ್ರ ತಿರುಗ್ತಾ ಉಂಟು ಅಷ್ಟೇ."

"ಟಯರ್ ಯಾವ್ದು ಭಾವ?"

"ಗಾಡಿಯೊಟ್ಟಿಗೆ ಬಂದದ್ದೇ, ಬೇಸಿಗೆಯದ್ದು."

"ಹಾಗಾದ್ರೆ ಗಾಡಿ ಅಲ್ಲೇ ಇರ್ಲಿ, ಇವತ್ತು ಟ್ರೈನಿಗೆ ಹೋಗು. ಟಯರ್ ಹಾಕಿಸಿ ಮತ್ತೆ ಮಾತಾಡುವ."

ಬೇಸಿಗೆ ಟಯರಿನ ರಬ್ಬರು ಸುಮಾರು 7 ಡಿಗ್ರಿಗಿಂತ ಕೆಳಗಿನ ಚಳಿಗೆ ಗಟ್ಟಿಯಾಗ್ತಾ ಬರ್ತದೆ, ಹಿಡಿತ ಕಮ್ಮಿ ಆಗ್ತದೆ. ವಿಂಟರ್ ಟಯರಿನ ರಬ್ಬರು ಚಳಿಯಲ್ಲೂ ಮೆತ್ತಗೆ ಇರ್ತದೆ, ಅದರ ಬಟನಿನ (ನೆಲಕ್ಕೆ ತಾಗುವ ರಬ್ಬರಿನ ಉಬ್ಬು) ಮೇಲೆ ಸಣ್ಣ ಸಣ್ಣ ಸೀಳು ಇರ್ತದೆ, ಅವು ಹಿಮವನ್ನ ಕಚ್ಚಿ ಹಿಡೀತವೆ. ಜರ್ಮನಿಯಲ್ಲಿ ರಸ್ತೆ ಹಿಮ ಬಿದ್ದು ಜಾರುವ ಹಾಗೆ ಇದ್ರೆ ಅಂಥ ಟಯರ್ ಇಲ್ಲದೆ ಓಡಿಸೋದೇ ಕಾನೂನಿಗೆ ವಿರುದ್ಧ, 2024ರ ಅಕ್ಟೋಬರ್ ನಂತರ ಬೆಟ್ಟದೊಳಗೆ ಹಿಮದ ಹೂವಿನ ಗುರುತು ಇರುವ ಟಯರೇ ಆಗ್ಬೇಕು. ಭಾವ ನಾಲ್ಕಕ್ಕೆ ನಾಲ್ಕೂ ಅದೇ ಹಾಕಿಸಿದ. ನಾಲ್ಕೂ ಅಂತ ಒತ್ತಿ ಹೇಳೋದು ಯಾಕೆ ಅಂದ್ರೆ ದೂಡುವ ಚಕ್ರಕ್ಕೆ ಮಾತ್ರ ಹಾಕಿದ್ರೆ ಸಾಕು ಅಂತ ಲೆಕ್ಕ ಹಾಕುವವರು ಇದ್ದಾರೆ, ಆಗ ಗಾಡಿ ಹೊರಡ್ತದೆ ನಿಜ, ತಿರುಗೋದೂ ಇಲ್ಲ ನಿಲ್ಲೋದೂ ಇಲ್ಲ.

ಮತ್ತೆ ಅವನು ಮಾಡಿದ್ದೆಲ್ಲ ಇಲ್ಲಿಯ ಪಾಠವೇ. ಡಿಕ್ಕಿಯಲ್ಲಿ ಹೊಯ್ಗೆ ಚೀಲ, ಸೆಕೆಂಡ್ ಗೇರಿನಲ್ಲಿ ಹೊರಡೋದು, ಎದುರಿನ ಗಾಡಿಗೂ ತನಗೂ ನಡುವೆ ಮಾಮೂಲಿಗಿಂತ ಎಷ್ಟೋ ಪಾಲು ಜಾಗ. ಒಂದು ವ್ಯತ್ಯಾಸ ಉಂಟು. ಅವನ ಗಾಡಿಯಲ್ಲಿ ಕಂಪ್ಯೂಟರು ಚಕ್ರ ಜಾರಿದ ಕೂಡ್ಲೇ ಎಂಜಿನ್ನಿನ ಜೋರು ಕಮ್ಮಿ ಮಾಡ್ತದೆ, ದಾರಿಯಲ್ಲಿ ಹೋಗುವಾಗ ಅದು ಬೇಕೇ ಬೇಕು, ಆದ್ರೆ ದಪ್ಪ ಹಿಮದಲ್ಲಿ ಸಿಕ್ಕಿಕೊಂಡಾಗ ಅದೇ ಗಾಡಿಯನ್ನ ಅಲ್ಲಾಡ್ಲಿಕ್ಕೆ ಬಿಡೋದಿಲ್ಲ. ಆಗ ಟ್ರಾಕ್ಷನ್ ಕಂಟ್ರೋಲ್ ಆಫ್ ಮಾಡಿ ಹಿಂದೆ ಮುಂದೆ ಮೆಲ್ಲ ತೂಗಿ ಹೊರಗೆ ತಂದು, ಪುನಃ ಆನ್ ಮಾಡ್ಬೇಕು. ಹಿಮಕ್ಕಿಂತ ಅವನಿಗೆ ಹೆದರಿಕೆ ಇರೋದು ಸೊನ್ನೆ ಡಿಗ್ರಿ ಆಸುಪಾಸಿನ ಮಂಜುಗಡ್ಡೆಗೆ, ಮೇಲೆ ನೀರಿನ ಪಸೆ ಬಂದು ಅತಿ ಹೆಚ್ಚು ಜಾರೋದು ಆಗಲೇ. ನಮ್ಮಲ್ಲೂ ಹಾಗೆ, ಜುಲೈಯ ಜಡಿಮಳೆಗಿಂತ ಬೇಸಿಗೆ ಮುಗಿದು ಬೀಳುವ ಮೊದಲ ಸಣ್ಣ ಮಳೆ ಅಪಾಯ, ಡಾಮರಿನ ಮೇಲೆ ತಿಂಗಳುಗಟ್ಟಲೆ ಕೂತ ಎಣ್ಣೆ, ಧೂಳು ತೊಳೆದು ಹೋಗಿರೋದಿಲ್ಲ. ಚೆರ್ಕಳ–ಕಲ್ಲಡ್ಕ ರಸ್ತೆಯಲ್ಲಿ ಆ ದಿನಗಳಲ್ಲಿ ನಾನು ತಿರುವು ತಿರುವಿಗೂ ಸ್ಪೀಡ್ ಇಳಿಸಿಯೇ ಹೋಗೋದು.

ಇಳಿಜಾರಿನ ವಿಷಯ ಬಿಟ್ಟುಹೋಗ್ಬಾರ್ದು, ಹತ್ತೋದಕ್ಕಿಂತ ಕಷ್ಟ ಅದುವೇ. ಗೇರಿನಲ್ಲಿ ಇಳೀಬೇಕು ಅಂತ ಎಲ್ಲರೂ ಹೇಳ್ತಾರೆ, ಸರಿ, ಆದ್ರೆ ನಮ್ಮ ಗಾಡಿಯಲ್ಲಿ ಎಂಜಿನ್ ಹಿಡಿಯೋದು ಹಿಂದಿನ ಚಕ್ರವನ್ನ ಮಾತ್ರ. ಜಾರುವ ಇಳಿಜಾರಿನ ನಡುವೆ ಹೋಗಿ ಒಮ್ಮೆಲೇ ಗೇರ್ ಇಳಿಸಿದ್ರೆ ಹ್ಯಾಂಡ್‌ಬ್ರೇಕ್ ಎಳೆದ ಹಾಗೆಯೇ ಆಯ್ತು, ಹಿಂಬದಿ ಮುಂದೆ ಬರ್ಲಿಕ್ಕೆ ನೋಡ್ತದೆ. ಹಾಗಾಗಿ ಇಳಿಜಾರು ಸುರು ಆಗುವ ಮೊದಲೇ, ಮೇಲೆ ಇರುವಾಗಲೇ ಗೇರ್ ಇಳಿಸ್ಬೇಕು, ಇಳಿಯುವಾಗ ಹಿಂಬದಿ ಜಾರಿದ್ರೆ ಕ್ಲಚ್ಚು ಒತ್ತಿ, ಚಕ್ರ ಬಿಡುಗಡೆ ಆಗಿ ಪುನಃ ಹಿಡಿತ ಸಿಗ್ತದೆ. ಎಬಿಎಸ್ ಇಲ್ಲದ ಗಾಡಿಯಲ್ಲಿ ಬ್ರೇಕ್ ಒತ್ತಿ ಹಿಡಿದ್ರೆ ಮುಂದಿನ ಚಕ್ರ ಲಾಕ್ ಆಗಿ ಸ್ಟೇರಿಂಗೇ ಕೇಳೋದಿಲ್ಲ, ಒತ್ತಿ ಬಿಟ್ಟು ಒತ್ತಿ ಬಿಟ್ಟು ಇಳಿಸ್ಬೇಕು.

ಸಿಕ್ಕಿ ಹಾಕ್ಕೊಂಡಾಗ ನಾನು ಮಾಡೋದೊಂದು ಉಂಟು. ಓಮ್ನಿಯ ಡಿಫರೆನ್ಶಿಯಲ್ (ಎಂಜಿನ್ನಿನ ಜೋರನ್ನ ಹಿಂದಿನ ಎರಡು ಚಕ್ರಕ್ಕೆ ಹಂಚುವ ಗೇರು) ಸಾದಾ, ಯಾವ ಚಕ್ರಕ್ಕೆ ಹಿಡಿತ ಇಲ್ವೋ ಅದನ್ನೇ ತಿರುಗಿಸ್ತದೆ, ಗಟ್ಟಿ ನೆಲದ ಮೇಲಿನ ಚಕ್ರ ಸುಮ್ಮನೆ ಕೂತಿರ್ತದೆ. ಆಗ ಹ್ಯಾಂಡ್‌ಬ್ರೇಕ್ ಎರಡು ಮೂರು ಟಿಕ್ ಎಳೆದು ಮೆಲ್ಲ ಎಕ್ಸಿಲೇಟರ್ ಕೊಡ್ಬೇಕು, ತಿರುಗುವ ಚಕ್ರಕ್ಕೆ ತಡೆ ಬಂದು ಇನ್ನೊಂದಕ್ಕೂ ಜೋರು ಸಿಗ್ತದೆ. ಹೊರಗೆ ಬಂದ ಕೂಡ್ಲೇ ಹ್ಯಾಂಡ್‌ಬ್ರೇಕ್ ಬಿಡ್ಬೇಕು, ಇಲ್ಲಾಂದ್ರೆ ಡ್ರಮ್ಮು ಬಿಸಿ ಆಗ್ತದೆ. ಭಾವನ ಗಾಡಿಯಲ್ಲಿ ಇದರ ಅಗತ್ಯ ಇಲ್ಲ, ಅದಕ್ಕೆ ಒಂದೇ ಚಕ್ರ ಸುಮ್ಮನೆ ತಿರುಗೋದನ್ನ ತಾನೇ ತಡೆಯುವ ಲಿಮಿಟೆಡ್ ಸ್ಲಿಪ್ ಡಿಫರೆನ್ಶಿಯಲ್ ಕಂಪೆನಿಯೇ ಕೊಟ್ಟಿದೆ.

ಟಯರಿಗೆ ದುಡ್ಡು ಹಾಕ್ಲಿಕ್ಕೆ ನಮ್ಮವರಿಗೆ ಮನಸ್ಸು ಬರೋದಿಲ್ಲ, ಇದು ನನಗೆ ತುಂಬ ಬೇಸರದ ವಿಷಯ. ಕಾನೂನಿನಲ್ಲಿ ಬಟನ್ 1.6 ಮಿ.ಮೀ. ಇದ್ರೆ ಸಾಕು, ಜರ್ಮನಿಯಲ್ಲೂ ಅಷ್ಟೇ, ಆದ್ರೆ ಹಿಮಕ್ಕೆ 4 ಮಿ.ಮೀ. ಆದ್ರೂ ಇರ್ಲಿ ಅಂತ ಅಲ್ಲಿಯ ವಾಹನ ಚಾಲಕರ ಸಂಘ ಎಡಿಎಸಿ ಹೇಳ್ತದೆ. ನಾನು ಅದೇ 4ನ್ನ ನಮ್ಮ ಮಳೆಗೂ ಹಿಡ್ಕೊಂಡಿದ್ದೇನೆ, ಮೇ ತಿಂಗಳಲ್ಲಿ ಅಳೆದು ನೋಡಿ ಕಮ್ಮಿ ಇದ್ರೆ ಬದಲಿಸ್ತೇನೆ, ಹಳೇದನ್ನ ಬೇಸಿಗೆಗೆ ಇಡ್ತೇನೆ. ಹೊಸತು ಎರಡೇ ತಗೊಳ್ಳುವ ಶಕ್ತಿ ಇದ್ರೆ ಎರಡನ್ನೂ ಹಿಂದೆ ಹಾಕಿ, ಮುಂದೆ ಜಾರಿದ್ರೆ ಸ್ಪೀಡ್ ಇಳಿಸಿ ಸುಧಾರಿಸ್ಬಹುದು, ಹಿಂದೆ ಜಾರಿದ್ರೆ ಗಾಡಿ ತಿರುಗಿ ನಿಲ್ತದೆ.

ತೋಡು ದಾಟಿದ ಮೇಲೆ ಬ್ರೇಕ್ ಡ್ರಮ್ಮಿನ ಒಳಗೆ ನೀರು ಹೋಗಿರ್ತದೆ, ಮುಂದಿನ ಇಳಿಜಾರು ಬರುವ ಮೊದಲು ಎಡಗಾಲಿನಲ್ಲಿ ಬ್ರೇಕ್ ಹಗುರ ಒತ್ಕೊಂಡು ಸ್ವಲ್ಪ ದೂರ ಓಡಿಸಿ ಒಣಗಿಸ್ಬೇಕು. ಮದ್ದಿನ ಡ್ರಮ್ಮು ಹೊತ್ತ ದಿನ ಹೊಯ್ಗೆ ಗೋಣಿ ಇಳಿಸಿ, ಎರಡೂ ಒಟ್ಟಿಗೆ ಇದ್ರೆ ಹಿಂದಿನ ಪಟ್ಟಿಗೆ (ಸ್ಪ್ರಿಂಗಿಗೆ) ಭಾರ ಹೆಚ್ಚು. ಡ್ರಮ್ಮು ಅರ್ಧ ಮಾತ್ರ ತುಂಬಿಸ್ಲಿಕ್ಕೂ ಹೋಗ್ಬೇಡಿ, ಒಳಗೆ ನೀರು ತುಳುಕಿ ತಿರುವಿನಲ್ಲಿ ಗಾಡಿಯನ್ನ ಎಳೀತದೆ, ಪೂರ್ತಿ ತುಂಬಿಸಿ, ಇಲ್ಲಾಂದ್ರೆ ಖಾಲಿಯೇ ತಗೊಂಡು ಹೋಗಿ ತೋಟದಲ್ಲೇ ನೀರು ಹಾಕಿ.