ವಿಸ್ಕಿಯ ಕಟ್: ಅವಸರ ಬೇಡ, ಮಾರನೇ ದಿನ ಮಾಡಿ

ವಿಸ್ಕಿ ಬಟ್ಟಿ ಇಳಿಸುವವರು ಮಾತಿಗೆ ಕೂತರೆ ಧಾನ್ಯ, ಯೀಸ್ಟ್ ಅಂತ ಗಂಟೆಗಟ್ಟಲೆ ಹೇಳುತ್ತಾರೆ. ‘ಕಟ್ ಎಲ್ಲಿ ಮಾಡ್ತೀರಿ?’ ಅಂತ ಕೇಳಿದರೆ ಮಾತ್ರ ಒಬ್ಬೊಬ್ಬರದು ಒಂದೊಂದು ಉತ್ತರ. ಸ್ಟಿಲ್‌ನಿಂದ, ಅಂದರೆ ಬಟ್ಟಿ ಇಳಿಸುವ ಹಂಡೆಯಿಂದ, ಮೊದಲು ಬರುವುದು ಹೆಡ್ಸ್, ನಡುವೆ ಹಾರ್ಟ್ಸ್, ಕೊನೆಗೆ ಟೇಲ್ಸ್. ಇದರಲ್ಲಿ ಎಲ್ಲಿಂದ ಎಲ್ಲಿವರೆಗೆ ಇಟ್ಟುಕೊಳ್ಳಬೇಕು ಅನ್ನುವ ತೀರ್ಮಾನವೇ ಕಟ್.

ಮೊದಲೇ ಒಂದು ಮಾತು. ಹೆಚ್ಚಿನ ದೇಶಗಳಲ್ಲಿ ಪರವಾನಗಿ ಇಲ್ಲದೆ ಬಟ್ಟಿ ಇಳಿಸುವುದು ಅಪರಾಧ. ನ್ಯೂಜಿಲೆಂಡ್‌ನಂಥ ಕೆಲವೇ ಕಡೆ ಸ್ವಂತ ಬಳಕೆಗೆ ಅವಕಾಶ ಇದೆ, ಅಲ್ಲಿ 1996ರಿಂದ. ನೀವಿರುವ ಕಡೆಯ ಕಾನೂನು ನೋಡಿಕೊಂಡೇ ಮುಂದಿನದು.

ಥರ್ಮಾಮೀಟರ್ ನೋಡಿ ಕಟ್ ಮಾಡಬಹುದಲ್ವಾ ಅಂತ ಹೊಸಬರಿಗೆ ಅನ್ನಿಸುತ್ತದೆ. ವಿಷವಾದ ಮೆಥನಾಲ್ 64.7 ಡಿಗ್ರಿಗೆ ಕುದಿಯುತ್ತದೆ, ಕುಡಿಯುವ ಆಲ್ಕೋಹಾಲ್ ಆದ ಎಥನಾಲ್ 78.4ಕ್ಕೆ, ನೀರು 100ಕ್ಕೆ. ಆದರೆ ಇವು ಬೇರೆ ಬೇರೆ ಇದ್ದಾಗಿನ ಲೆಕ್ಕ. ಹಂಡೆಯೊಳಗೆ ಎಲ್ಲವೂ ಕಲೆತಿರುತ್ತವೆ, ಒಂದರ ಜೊತೆ ಇನ್ನೊಂದು ಎದ್ದು ಬರುತ್ತದೆ. ಆವಿ ಎಷ್ಟು ಬಿಸಿ ಅನ್ನುವುದರಿಂದ ಅದರಲ್ಲಿ ಆಲ್ಕೋಹಾಲ್ ಎಷ್ಟಿದೆ ಅಂತ ಅಂದಾಜು ಸಿಗುತ್ತದೆ, ರುಚಿ ಹೇಗಿದೆ ಅಂತ ಸಿಗುವುದಿಲ್ಲ.

ತಯಾರಿ

ಮಾಮೂಲಿ ಪಾಟ್ ಸ್ಟಿಲ್ ಆದರೆ ಎರಡು ಸಲ ಇಳಿಸಬೇಕು. ಮೊದಲ ಸಲ ಕಟ್ ಇಲ್ಲ, ಸಿಕ್ಕಿದ್ದನ್ನೆಲ್ಲ ಹಿಡಿಯಿರಿ. ಇದಕ್ಕೆ ಲೋ ವೈನ್ಸ್ ಅನ್ನುತ್ತಾರೆ. ಆಲ್ಕೋಹಾಲ್ ಶೇ 30ಕ್ಕಿಂತ ಜಾಸ್ತಿ ಇದ್ದರೆ ನೀರು ಬೆರೆಸಿ ಇಳಿಸಿಕೊಳ್ಳಿ. ಎರಡನೇ ಸಲ ಉರಿ ಸಣ್ಣಗಿರಲಿ. ಜೋರು ಮಾಡಿದರೆ ಹೆಡ್ಸು, ಹಾರ್ಟ್ಸು ಎಲ್ಲ ಒಂದರೊಳಗೊಂದು ಸೇರಿಕೊಂಡು, ಆಮೇಲೆ ಎಷ್ಟು ಮೂಸಿದರೂ ಗಡಿ ಸಿಗುವುದಿಲ್ಲ.

ಮೊದಲ ಹನಿಗಳು

20 ಲೀಟರ್ ಲೋ ವೈನ್ಸ್ ಇದ್ದರೆ ಮೊದಲ 100–150 ಮಿಲಿಲೀಟರ್ ಚೆಲ್ಲುವುದು ರೂಢಿ. ಇದು ಫೋರ್‌ಶಾಟ್ಸ್. ಅಸಿಟೋನ್, ಈಥೈಲ್ ಅಸಿಟೇಟ್, ಅಸಿಟಾಲ್ಡಿಹೈಡ್ ಇಲ್ಲಿ ದಟ್ಟವಾಗಿರುತ್ತವೆ.

ಇದನ್ನು ಚೆಲ್ಲಿದರೆ ಮೆಥನಾಲ್ ಹೋಯಿತು ಅಂತ ಬಹಳ ಜನ ನಂಬಿದ್ದಾರೆ. ಅದು ಹಾಗಿಲ್ಲ. ಮೆಥನಾಲ್ ಹುಟ್ಟುವುದು ಮುಖ್ಯವಾಗಿ ಹಣ್ಣಿನ ಪೆಕ್ಟಿನ್‌ನಿಂದ. ಧಾನ್ಯದ ಹುದುಗಿನಲ್ಲಿ ಅದು ಬಹಳ ಕಡಿಮೆ, ಇರುವಷ್ಟೂ ಮೊದಲಿನಿಂದ ಕೊನೆವರೆಗೆ ಹರಡಿಕೊಂಡೇ ಬರುತ್ತದೆ. ಕೈಗಾರಿಕೆಯ ಮೆಥನಾಲ್ ಬೆರೆತ ಸ್ಪಿರಿಟ್ಟನ್ನು ಯಾವ ಕಟ್ಟೂ ಸರಿಮಾಡುವುದಿಲ್ಲ, ಮೂಗಿಗೂ ಅದು ಗೊತ್ತಾಗುವುದಿಲ್ಲ. ಎಲ್ಲಿಂದಲೋ ಬಂದ ಸ್ಪಿರಿಟ್ಟನ್ನು ಮತ್ತೆ ಬಟ್ಟಿಗೆ ಹಾಕುವ ಯೋಚನೆಯನ್ನೇ ಮಾಡಬೇಡಿ.

ಜಾಡಿಗಳು

ಈಗ 300 ಮಿ.ಲೀ. ಗಾಜಿನ ಜಾಡಿಗಳನ್ನು ಸಾಲಾಗಿಟ್ಟು ನಂಬರ್ ಹಾಕಿ. 25ರಿಂದ 30 ಬೇಕಾಗಬಹುದು. ಪ್ಲಾಸ್ಟಿಕ್ ಬೇಡ. ಪ್ರತಿ ಜಾಡಿಯ ಮೇಲೆ ಆಲ್ಕೋಹಾಲ್ ಶೇಕಡಾ ಬರೆಯಿರಿ. ಅದನ್ನು ಅಳೆಯುವ ಹೈಡ್ರೋಮೀಟರ್ ಹೆಚ್ಚಾಗಿ 20 ಡಿಗ್ರಿಗೆ ಹೊಂದಿಸಿದ್ದು. ಬೆಚ್ಚಗಿನ ಸ್ಪಿರಿಟ್‌ನಲ್ಲಿ ಇದ್ದದ್ದಕ್ಕಿಂತ ಜಾಸ್ತಿ ತೋರಿಸುತ್ತದೆ. ತುಂಬಿದ ಜಾಡಿಯನ್ನು ಉರಿಯ ಹತ್ತಿರ ಬಿಡಬೇಡಿ, ಅದರ ಆವಿಗೇ ಬೆಂಕಿ ಹತ್ತುತ್ತದೆ.

ಸ್ಕಾಟ್‌ಲೆಂಡಿನ ಡಿಸ್ಟಿಲರಿಗಳಲ್ಲಿ ಕೆಲಸಗಾರರಿಗೆ ಸ್ಪಿರಿಟ್ ರುಚಿ ನೋಡುವ ಅವಕಾಶವೇ ಇರಲಿಲ್ಲ. ಸುಂಕದವರ ಬೀಗ ಹಾಕಿದ ಗಾಜಿನ ಪೆಟ್ಟಿಗೆಯೊಳಗೆ ಅದು ಹರಿಯುತ್ತಿತ್ತು. ಹೊರಗಿನ ಹಿಡಿ ತಿರುಗಿಸಿ ಒಳಗೇ ನೀರು ಬೆರೆಸಿ, ಶೇ 45.7ಕ್ಕೆ ತಂದು ನೋಡುತ್ತಿದ್ದರು. ಮೋಡ ಕಟ್ಟಿದಂತೆ ಮಬ್ಬಾದರೆ ಇನ್ನೂ ಹೆಡ್ಸ್, ತಿಳಿಯಾಗಿ ನಿಂತರೆ ಹಾರ್ಟ್ಸ್ ಶುರು. ಹಿಂದಿನ ಸಲದ ಟೇಲ್ಸ್‌ನ ಎಣ್ಣೆಯಂಥ ಅಂಶ ಕೊಳವೆಯಲ್ಲಿ ಅಂಟಿಕೊಂಡಿರುತ್ತದಲ್ಲ, ಮಬ್ಬಿಗೆ ಕಾರಣ ಅದು. ನಿಮ್ಮ ಮುಂದೆ ಬೀಗವಿಲ್ಲ. ಮೂಗಿದೆ, ನಾಲಿಗೆಯಿದೆ.

ಒಂದು ರಾತ್ರಿ ಬಿಡಿ

ಜಾಡಿಗಳ ಬಾಯಿಗೆ ತೆಳುಬಟ್ಟೆ ಕಟ್ಟಿ, ಗಾಳಿಯಾಡುವ, ಬೆಂಕಿಯಿಲ್ಲದ ಕಡೆ ಒಂದು ದಿನ ಇಡಿ. ಅಸಿಟಾಲ್ಡಿಹೈಡ್ ಕುದಿಯುವುದೇ 20 ಡಿಗ್ರಿ ಆಸುಪಾಸಿನಲ್ಲಿ, ಒಂದಿಷ್ಟು ತಾನಾಗಿಯೇ ಹಾರಿಹೋಗುತ್ತದೆ.

ನಾನು ಮೊದಲ ಸಲ ಕಾಯಲಿಲ್ಲ. ನಡುರಾತ್ರಿ, ಕಣ್ಣು ಎಳೆಯುತ್ತಿತ್ತು, ಮೂಗು ಮರಗಟ್ಟಿತ್ತು. 19ನೇ ಜಾಡಿಯೂ ಚೆನ್ನಾಗೇ ಇದೆ ಅನ್ನಿಸಿ ಎಲ್ಲವನ್ನೂ ಒಂದೇ ಪಾತ್ರೆಗೆ ಸುರಿದೆ. ಬೆಳಿಗ್ಗೆ ಮುಚ್ಚಳ ತೆಗೆದರೆ ನೆಂದ ರಟ್ಟಿನ ಮುಗ್ಗಲು ವಾಸನೆ. ಇಡೀ ದಿನದ ಕೆಲಸ ಹೋಯಿತು.

ನಡುವಿನಿಂದ ಶುರು

1ನೇ ಜಾಡಿಯಿಂದ ಶುರು ಮಾಡಬೇಡಿ, ಅದರ ಘಾಟಿಗೆ ಮೂಗೇ ಕೆಟ್ಟುಹೋಗುತ್ತದೆ. ನಡುವಿನ ಜಾಡಿ ಎತ್ತಿಕೊಳ್ಳಿ. ಒಂದು ಚಮಚಕ್ಕೆ ನೀರು ಬೆರೆಸಿ ಶೇ 30ರ ಹತ್ತಿರ ತನ್ನಿ. ಮೂಸಿ, ನಾಲಿಗೆಗೆ ತಾಗಿಸಿ, ಉಗುಳಿ. ಇದು ನಿಮ್ಮ ಅಳತೆಗೋಲು.

ಅಲ್ಲಿಂದ ಹಿಂದಕ್ಕೆ ಬನ್ನಿ. ಒಂದು ಜಾಡಿಯಲ್ಲಿ ಹಸಿರು ಸೇಬಿನ ವಾಸನೆ ಸುಳಿಯುತ್ತದೆ, ಅದರಾಚೆ ನೇಲ್ ಪಾಲಿಶ್ ರಿಮೂವರ್. ನಾಲಿಗೆಯ ತುದಿ ಚುರುಕ್ ಅನ್ನುತ್ತದೆ. ಗಡಿ ಅಲ್ಲಿದೆ. ಮತ್ತೆ ನಡುವಿಗೆ ಮರಳಿ ಈಗ ಮುಂದಕ್ಕೆ ಹೋಗಿ. ಟೇಲ್ಸ್ ಸದ್ದಿಲ್ಲದೆ ಬರುತ್ತದೆ. ಮೊದಲು ಬೇಯಿಸಿದ ಧಾನ್ಯದ ಒಳ್ಳೆಯ ರುಚಿ, ಆಮೇಲೆ ನಾಲಿಗೆಯ ಹಿಂಭಾಗದಲ್ಲಿ ಕಹಿ, ಆಮೇಲೆ ಒದ್ದೆ ನಾಯಿ. ಅನುಮಾನ ಬಂದರೆ ಎರಡು ಹನಿ ಅಂಗೈಗೆ ಹಾಕಿ ಉಜ್ಜಿ. ಆಲ್ಕೋಹಾಲ್ ಆರಿದ ಮೇಲೆ ಉಳಿಯುವ ವಾಸನೆ ನಿಜ ಹೇಳುತ್ತದೆ. ಸ್ಕಾಚ್‌ನವರು ಹೆಚ್ಚಾಗಿ ಶೇ 60–65ರ ನಡುವೆ ಹಾರ್ಟ್ಸ್ ನಿಲ್ಲಿಸುತ್ತಾರೆ. ಈ ಸಂಖ್ಯೆಯ ಹತ್ತಿರ ಬಂದಾಗ ಕಿವಿ ನಿಮಿರಲಿ, ಅಷ್ಟೇ.

ಸುರಿಯುವ ಮುನ್ನ

ಒಳ್ಳೆಯ ಜಾಡಿಗಳಿಂದ ಒಂದೊಂದು ಚಮಚ ಲೋಟಕ್ಕೆ ಹಾಕಿ. ಗಡಿಯಲ್ಲಿರುವ ಜಾಡಿಯದೂ ಒಂದು ಚಮಚ ಸೇರಿಸಿ ರುಚಿ ನೋಡಿ. ಕೆಟ್ಟರೆ ಹೋಗುವುದು ಲೋಟದ್ದು ಮಾತ್ರ. ಬೇಗ ಕುಡಿಯುವುದಾದರೆ ಕಟ್ ಬಿಗಿಯಾಗಿರಲಿ. ಓಕ್ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಡುವುದಾದರೆ ಟೇಲ್ಸ್ ಕಡೆಗೆ ಒಂದೆರಡು ಜಾಡಿ ಜಾಸ್ತಿ ಒಳಗೆ ಬರಲಿ, ಮರದೊಳಗೆ ಅದು ಮೈತುಂಬಿಕೊಳ್ಳುತ್ತದೆ. ತೀರಾ ಬಿಗಿ ಮಾಡಿ ವೋಡ್ಕಾದಂತೆ ಸಪ್ಪೆ ಮಾಡಿಕೊಂಡವರೂ ಇದ್ದಾರೆ.

ಉಳಿದ ಹೆಡ್ಸ್, ಟೇಲ್ಸ್ ಚೆಲ್ಲಬೇಡಿ. ಒಟ್ಟಿಗೆ ಸೇರಿಸಿದರೆ ಅದು ಫೀಂಟ್ಸ್. ಗಾಜಿನ ಬಾಟಲಿಗೆ ಹಾಕಿ, ತಾರೀಕು ಬರೆದಿಡಿ. ಮುಂದಿನ ಸಲ ಲೋ ವೈನ್ಸ್ ಜೊತೆ ಹಂಡೆಗೆ ಹೋಗಲಿ.